ಪಿಸಿಓಎಸ್ ಮತ್ತು ನಮ್ಮ ಮನೆಯ ಮುದ್ದೆ

ಒಂದು ಭಾನುವಾರ ಅಡುಗೆಮನೆಯಲ್ಲಿ ಪುಟ್ಟ ತಕ್ಕಡಿ ಇಟ್ಟುಕೊಂಡು, ನನ್ನ ಪಾಲಿನ ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತದೆ ಅಂತ ತೂಗಿದೆ. 120 ಗ್ರಾಂ ಬಂತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ (ಕಾರ್ಬ್), ಅಂದರೆ ಜೀರ್ಣವಾದಾಗ ಸಕ್ಕರೆಯಾಗುವ ಅಂಶ, ಇರುತ್ತದೆ. ಅಂದರೆ ಮುದ್ದೆಯೊಂದರಲ್ಲೇ 80 ಗ್ರಾಂ. ಅದರ ಮೇಲೆ ಅನ್ನದಿಂದ ಇನ್ನೊಂದು 50. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅದು 40 ಗ್ರಾಂ. ಬೆಳಿಗ್ಗೆ ಇಡ್ಲಿ, ಸಂಜೆ ರೈಲಿನಲ್ಲಿ ಮದ್ದೂರು ವಡೆ, ರಾತ್ರಿ ಮತ್ತೆ ಮುದ್ದೆ. ಲೆಕ್ಕ ಹಾಕುತ್ತಾ ಹೋದಂತೆ ಮುನ್ನೂರು ದಾಟಿತು. ಅಲ್ಲಿಯವರೆಗೆ, ರಾಗಿ ಉಂಡವರಿಗೆ ಸಕ್ಕರೆ ಕಾಯಿಲೆಯ ಗೊಡವೆ ಇಲ್ಲ ಅಂತ ನಾನೂ ನಂಬಿದ್ದೆ.

ರಾಗಿ ಕೆಟ್ಟದ್ದಲ್ಲ. ಅದರಲ್ಲಿರುವಷ್ಟು ಕ್ಯಾಲ್ಸಿಯಂ ಅಕ್ಕಿಯಲ್ಲೂ ಇಲ್ಲ, ಗೋಧಿಯಲ್ಲೂ ಇಲ್ಲ. ನಾರಿನಂಶವೂ ಚೆನ್ನಾಗಿದೆ. ಆದರೆ ಗದ್ದೆ ಕೆಲಸ ಮಾಡುತ್ತಿದ್ದ ನಮ್ಮಜ್ಜಿ ಉಣ್ಣುತ್ತಿದ್ದ ಗಾತ್ರದ ಮುದ್ದೆಯನ್ನು, ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ ಎಂಟು ಗಂಟೆ ಕುರ್ಚಿಯಲ್ಲಿ ಕೂರುವ ನಾನೂ ಉಣ್ಣುತ್ತಿದ್ದೆ.

ನನಗೆ ಪಿಸಿಓಎಸ್ ಇದೆ, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಶಯದ ಕೆಲಸ ಹದ ತಪ್ಪುವ ತೊಂದರೆ. ವರ್ಷಕ್ಕೆ ಮೂರೋ ನಾಲ್ಕೋ ಸಲ ಮುಟ್ಟಾಗುತ್ತಿತ್ತು. ಗಲ್ಲದ ಮೇಲೆ ಒರಟು ಕೂದಲು. ಕತ್ತಿನ ಹಿಂದೆ ಕಪ್ಪಗೆ, ದಪ್ಪಗೆ ಆಗಿದ್ದ ಚರ್ಮ. ಕೊಳೆ ಅಂದುಕೊಂಡು ಅವ್ವ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಅದು ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವುದರ ಗುರುತು ಅಂತ ನಮಗೆ ಯಾರೂ ಹೇಳಿರಲಿಲ್ಲ. ಮೊದಲು ತೋರಿಸಿದ ಕಡೆ ಮುಟ್ಟು ಬರಿಸುವ ಮಾತ್ರೆ ಕೊಟ್ಟು, "ತೂಕ ಇಳಿಸಿ" ಅಂದು ಕಳಿಸಿದರು. ಹೇಗೆ ಇಳಿಸಬೇಕು ಅನ್ನುವುದನ್ನು ಅವರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಎರಡು ವರ್ಷದ ಮೇಲೆ ಮೈಸೂರಿನಲ್ಲಿ ಹಾರ್ಮೋನಿನ ಡಾಕ್ಟರೊಬ್ಬರು ಖಾಲಿ ಹೊಟ್ಟೆಯ ಸಕ್ಕರೆಯ ಜೊತೆಗೆ ಇನ್ಸುಲಿನ್ನನ್ನೂ ಅಳೆಸಿದರು. ಸಕ್ಕರೆ 98. ಅಷ್ಟನ್ನೇ ನೋಡಿದ್ದರೆ ನಾರ್ಮಲ್. ಇನ್ಸುಲಿನ್ 22. ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ ಮೈ ಇನ್ಸುಲಿನ್ನಿಗೆ ಎಷ್ಟು ಬಗ್ಗುತ್ತಿಲ್ಲ ಅಂತ ತೋರಿಸುವ ಹೋಮಾ-ಐಆರ್ ಅನ್ನುವ ಅಂಕಿ ಸಿಗುತ್ತದೆ, ನನ್ನದು 5.3 ಇತ್ತು. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.8, ಅಂದರೆ ಡಯಾಬಿಟಿಸ್‌ನ ಹೊಸ್ತಿಲು. ಮೈ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ, ಅದಕ್ಕೇ ಮೇದೋಜೀರಕ ಇನ್ನಷ್ಟು ಸುರಿಸುತ್ತಿದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಹಾಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಆ ಹಾರ್ಮೋನನ್ನು ಕಟ್ಟಿಹಾಕುವ ಪ್ರೋಟೀನನ್ನು ಪಿತ್ತಜನಕಾಂಗ ಕಡಿಮೆ ಮಾಡುತ್ತದೆ. ಗಲ್ಲದ ಕೂದಲು, ತಪ್ಪುವ ಮುಟ್ಟು, ಕಪ್ಪು ಕತ್ತು ಎಲ್ಲಕ್ಕೂ ಒಂದೇ ಬೇರು ಅಂತ ಗೊತ್ತಾದ ದಿನ, ವಾಪಸ್ ಬರುವಾಗ ರೈಲಿನಲ್ಲಿ ಕೂತು ಅತ್ತುಬಿಟ್ಟೆ. ನನ್ನ ಸೋಮಾರಿತನದಿಂದ ಹೀಗಾಯಿತು ಅನ್ನುವ ಭಾರ ಅವತ್ತು ಇಳಿಯಿತು.

ಅವರು ಮೈ ಇನ್ಸುಲಿನ್ನಿನ ಮಾತು ಕೇಳಲು ನೆರವಾಗುವ ಮೆಟ್‌ಫಾರ್ಮಿನ್ ಮಾತ್ರೆ ಬರೆದರು, ಊಟದಲ್ಲಿ ಕಾರ್ಬ್ ಇಳಿಸಿ ಅಂದರು. ಪಿಸಿಓಎಸ್‌ಗೆ ಇಂಥದ್ದೇ ಡಯಟ್ ಶ್ರೇಷ್ಠ ಅಂತೇನಿಲ್ಲ, 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹಾಗೇ ಹೇಳುತ್ತದೆ, ವರ್ಷಗಟ್ಟಲೆ ನಡೆಸಿಕೊಂಡು ಹೋಗಲು ಆಗುವಂಥದ್ದನ್ನು ಹಿಡಿಯಿರಿ ಅಂತಲೂ ಹೇಳಿದರು. ನಾನು ದಿನಕ್ಕೆ 100ರಿಂದ 110 ಗ್ರಾಂ ಅಂತ ಗೆರೆ ಹಾಕಿಕೊಂಡೆ.

ಹಾಕಿಕೊಂಡದ್ದೇನೋ ಸರಿ, ಶುರುವಿನಲ್ಲಿ ಆತುರಪಟ್ಟೆ. ಮುದ್ದೆ, ಅನ್ನ, ಇಡ್ಲಿ ಎಲ್ಲವನ್ನೂ ಒಂದೇ ದಿನ ಬಿಟ್ಟೆ, ಬದಲಿಗೆ ಏನು ತಿನ್ನಬೇಕು ಅಂತ ಯೋಚಿಸಲಿಲ್ಲ. ನಾಲ್ಕನೇ ದಿನ ರೈಲಿನಲ್ಲಿ ಕಣ್ಣು ಕತ್ತಲೆ ಬಂದು, ಪಕ್ಕದಲ್ಲಿದ್ದ ಅಕ್ಕ ಸೀಟು ಬಿಟ್ಟುಕೊಟ್ಟರು. ತಲೆನೋವು, ಮಲಬದ್ಧತೆ. ಕಾರ್ಬ್ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ; ಆಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೆಚ್ಚು ಹೊರಹಾಕುತ್ತದೆ. ಇದಕ್ಕೆ ಮದ್ದು ನಮ್ಮ ಮನೆಯ ಒಲೆಯ ಮೇಲೇ ಇತ್ತು: ಉಪ್ಸಾರಿನ ಕಟ್ಟು. ಸೊಪ್ಪು, ಕಾಳು ಬೆಂದ ಆ ನೀರಿಗೆ ಉಪ್ಪು, ಚೂರು ಖಾರ ಹಾಕಿ ಬಿಸಿಬಿಸಿ ಒಂದು ಲೋಟ ಕುಡಿದರೆ ಅರ್ಧ ಗಂಟೆಯಲ್ಲಿ ತಲೆ ಹಗುರಾಗುತ್ತಿತ್ತು. ಬಿಪಿ ಇರುವವರು ಮಾತ್ರ ಕೇಳಿ ಕುಡಿಯಬೇಕು.

ಆಮೇಲೆ ನಿಧಾನಕ್ಕೆ ತಟ್ಟೆಯನ್ನೇ ತಿರುಗಿಸಿದೆ. ಮೊದಲು ಮುದ್ದೆಗೆ ನೆಂಚಿಕೊಳ್ಳಲು ಸಾರು ಇತ್ತು, ಈಗ ಸಾರೇ ಊಟ. ಬಸ್ಸಾರಿನ ಪಲ್ಯ ಒಂದು ಬಟ್ಟಲು ತುಂಬ, ದಂಟೋ ಕೀರೆಯೋ ನುಗ್ಗೆ ಸೊಪ್ಪೋ, ಅದಕ್ಕೆ ಕಾಯಿತುರಿ. ಮೊಳಕೆ ಹುರುಳಿಕಾಳಿನ ಸಾರು ಅಥವಾ ಎರಡು ಮೊಟ್ಟೆ. ವಾರಕ್ಕೆರಡು ಸಲ ಕೋಳಿ ಸಾರು. ಇವನ್ನೆಲ್ಲ ಮೊದಲು ತಿಂದು, ಕೊನೆಗೆ 40 ಗ್ರಾಂ ಹಿಟ್ಟಿನ ಮುದ್ದೆ, ಸಣ್ಣ ಕಿತ್ತಳೆಯಷ್ಟು. ಅದರಲ್ಲಿ 27 ಗ್ರಾಂ ಕಾರ್ಬ್. ಸೊಪ್ಪು, ಪ್ರೋಟೀನು ಮೊದಲು ಹೊಟ್ಟೆಗೆ ಹೋದರೆ ಆಮೇಲೆ ತಿಂದ ಮುದ್ದೆಯ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಕಾಳಿನಲ್ಲೂ ಕಾರ್ಬ್ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿದೆ. ಬೆಳಿಗ್ಗೆ ಇಡ್ಲಿ ನಾಲ್ಕರಿಂದ ಒಂದಕ್ಕೆ ಇಳಿಯಿತು, ಜೊತೆಗೆ ಮೊಟ್ಟೆ. ಸಂಜೆ ವಡೆಯ ಬದಲು ಬ್ಯಾಗಿನಲ್ಲಿ ಬೇಯಿಸಿದ ಕಡಲೆಕಾಯಿ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿಗೆ ಹೋಗೋಣ ಅಂತ ಎಲ್ಲರೂ ಹೇಳಿದರು. ನಮ್ಮ ಚಿಕ್ಕಪ್ಪನದೇ ಆಲೆಮನೆ, ಬೆಲ್ಲದ ಮೇಲೆ ನನಗೂ ಅಭಿಮಾನವಿದೆ. ಆದರೆ ಇನ್ಸುಲಿನ್ನಿನ ಪಾಲಿಗೆ ಬೆಲ್ಲವೂ ಸಕ್ಕರೆಯೇ. ಎರಡನ್ನೂ ಬಿಟ್ಟೆ. ರಾತ್ರಿ ಊಟ ಆದಮೇಲೆ ಹದಿನೈದು ನಿಮಿಷ ಬೀದಿಯ ಕೊನೆಯವರೆಗೆ ನಡಿಗೆ.

ಎಲ್ಲಕ್ಕಿಂತ ಕಷ್ಟವಾದದ್ದು ಅತ್ತೆಯ ಮುಖ ನೋಡುವುದು. "ಮುದ್ದೆ ಉಣ್ದೆ ಶಕ್ತಿ ಎಲ್ಲಿಂದ ಬತ್ತದವ್ವ? ನಾ ಮಾಡಿದ್ದು ರುಚಿ ಆಗ್ನಿಲ್ವ?" ಅಂತ ಕೇಳಿದರು. ವಾದ ಮಾಡಲಿಲ್ಲ. ರಿಪೋರ್ಟು ತಂದು ಪಕ್ಕದಲ್ಲಿ ಕೂತು, ಕತ್ತು ತೋರಿಸಿ ಒಂದೊಂದೇ ಹೇಳಿದೆ. ಮಾರನೇ ದಿನ ಅವರೇ ಸಣ್ಣ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದರು, ಪಕ್ಕದಲ್ಲಿ ಎರಡು ಸೌಟು ಪಲ್ಯ.

ಎರಡು ತಿಂಗಳು ಮುಟ್ಟು ಬರಲಿಲ್ಲ. ಮೂರನೇ ತಿಂಗಳು ಮಾತ್ರೆಯಿಲ್ಲದೆ ಬಂತು. ಮುಂದಿನದು 47 ದಿನಕ್ಕೆ, ಆಮೇಲೆ 41, ಆಮೇಲೆ 36. ಏಳು ತಿಂಗಳಲ್ಲಿ ತೂಕ 71ರಿಂದ 65.5ಕ್ಕೆ ಇಳಿಯಿತು. ತೂಕದ ಶೇಕಡ 5ರಿಂದ 10ರಷ್ಟು ಇಳಿದರೂ ಅಂಡೋತ್ಪತ್ತಿ ಮರಳಬಹುದು ಅಂತ ಡಾಕ್ಟರು ಹೇಳಿದ್ದು ನನ್ನ ವಿಷಯದಲ್ಲಿ ನಿಜವಾಯಿತು. ಇನ್ಸುಲಿನ್ 11ಕ್ಕೆ ಬಂತು. ಇದರಲ್ಲಿ ಮಾತ್ರೆಯ ಪಾಲೆಷ್ಟು, ಊಟದ ಪಾಲೆಷ್ಟು ಅಂತ ಬೇರ್ಪಡಿಸಲು ಆಗುವುದಿಲ್ಲ. ನಡುವೆ ತಲೆಕೂದಲು ಹಿಡಿಹಿಡಿಯಾಗಿ ಉದುರಿ ಹೆದರಿಸಿತು. ತೂಕ ಇಳಿಯುವಾಗ ಹಾಗಾಗುವುದುಂಟು, ಪ್ರೋಟೀನು ಹೆಚ್ಚಿಸಿದ ಮೇಲೆ ನಿಂತಿತು. ಗಲ್ಲದ ಕೂದಲು ಇನ್ನೂ ಇದೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಬಿ12 ಇಳಿಯಬಹುದು ಅಂತ ವರ್ಷಕ್ಕೊಮ್ಮೆ ಅದನ್ನೂ ನೋಡಿಸುತ್ತೇನೆ.

ನನ್ನನ್ನು ನೋಡಿ ಅತ್ತೆಯೂ ಮುದ್ದೆ ಸಣ್ಣ ಮಾಡಿಕೊಳ್ಳಲು ಹೊರಟರು. ನಾನೇ ತಡೆದೆ. ಅವರಿಗೆ ಎಂಟು ವರ್ಷದಿಂದ ಶುಗರ್ ಇದೆ. ಅವರು ನುಂಗುವ ಗ್ಲಿಮೆಪಿರೈಡ್ ಇನ್ಸುಲಿನ್ನನ್ನು ಹೊರಡಿಸುವ ಮಾತ್ರೆ. ಅದು ಹೊಟ್ಟೆಯಲ್ಲಿರುವಾಗ ಊಟದ ಕಾರ್ಬ್ ಮಾತ್ರ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಬಿದ್ದು ಪ್ರಜ್ಞೆ ತಪ್ಪಬಹುದು. ಮೊದಲು ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಅರ್ಧಕ್ಕೆ ಇಳಿಸಿದರು, ಮನೆಯಲ್ಲಿ ಗ್ಲೂಕೋಮೀಟರ್ ಇಟ್ಟುಕೊಂಡು ಬರೆದಿಡಲು ಹೇಳಿದರು. ಈಗ ಕ್ಯಾಲೆಂಡರಿನ ಒಂದು ಮೂಲೆಯಲ್ಲಿ ಅವರ ಸಕ್ಕರೆಯ ಅಂಕಿ, ಇನ್ನೊಂದು ಮೂಲೆಯಲ್ಲಿ ನನ್ನ ಮುಟ್ಟಿನ ತಾರೀಖು.