ಕಾಸು ಪಡೆದು ಬೇರೆಯವರ ರಿಟರ್ನ್ ತುಂಬುವ ಹುಡುಗರಿಗೆ

ವಿಜಯಪುರದ ಗಾಂಧಿ ಚೌಕದ ಹತ್ತಿರ ಹತ್ತಡಿ ಅಗಲದ ಅಂಗಡಿಯಲ್ಲಿ ಕುಳಿತು ಇಪ್ಪತ್ತಾರು ವರ್ಷಗಳಿಂದ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದೇನೆ. ಈಗ ನಮ್ಮ ಓಣಿಯಲ್ಲೇ ಬಿ.ಕಾಂ. ಮುಗಿಸಿದ ನಾಲ್ವರು ಇದೇ ಕೆಲಸಕ್ಕೆ ಇಳಿದಿದ್ದಾರೆ. ಇಳಿಯಲಿ. ರಿಟರ್ನ್ ತುಂಬಿಕೊಡಲು ಲೈಸೆನ್ಸ್ ಬೇಕಿಲ್ಲ. ಅಧಿಕಾರಿಯ ಮುಂದೆ ಗ್ರಾಹಕರ ಪರವಾಗಿ ನಿಲ್ಲಬೇಕಾದರೆ ಮಾತ್ರ 1961ರ ಆದಾಯ ತೆರಿಗೆ ಕಾಯ್ದೆಯ 288ನೇ ಸೆಕ್ಷನ್ ಹೇಳುವ ಅರ್ಹತೆ ಇರಬೇಕು. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಲಂಗುಲಗಾಮು ಇಲ್ಲ ಎಂದುಕೊಳ್ಳಬೇಡಿ.

ಮೊದಲು ನಿಮ್ಮ ಶುಲ್ಕ ನಿಗದಿ ಮಾಡಿಕೊಳ್ಳಿ. ನಾನು ಸಂಬಳದಾರರಿಂದ 500 ರೂಪಾಯಿ ತೆಗೆದುಕೊಂಡು ರಸೀದಿ ಕೊಡುತ್ತೇನೆ. ರಿಫಂಡಿನಲ್ಲಿ, ಅಂದರೆ ಇಲಾಖೆ ವಾಪಸ್ ಕೊಡುವ ತೆರಿಗೆಯಲ್ಲಿ, ಪಾಲು ಕೇಳುವುದಿಲ್ಲ. ಪಾಲು ಕೇಳಿದ ದಿನವೇ ನಿಮ್ಮ ಕೈ ಅಂಕಿಗಳ ಮೇಲೆ ಹೋಗುತ್ತದೆ.

2024ರಲ್ಲಿ ಒಬ್ಬ ಶಿಕ್ಷಕರು ಬಂದು, 'ಕಾಕಾ, ನಮ್ಮ ಶಾಲೆಯವರೊಬ್ಬರಿಗೆ ಇಪ್ಪತ್ತು ಸಾವಿರ ವಾಪಸ್ ಬಂದಿದೆ, ನೀವು ನನಗೇಕೆ ತರಿಸಿಕೊಡುವುದಿಲ್ಲ?' ಎಂದು ಮುನಿಸಿಕೊಂಡರು. ಆ ಸಹೋದ್ಯೋಗಿಯ ರಿಟರ್ನಿನ ಪ್ರತಿಯನ್ನೂ ಮೊಬೈಲಿನಲ್ಲಿ ತೋರಿಸಿದರು. ಪಕ್ಷಕ್ಕೆ ಕೊಟ್ಟ ದೇಣಿಗೆಯನ್ನು ಆದಾಯದಿಂದ ಕಳೆಯಲು ಬಿಡುವ 80ಜಿಜಿಸಿ ಸೆಕ್ಷನ್ ಅಡಿಯಲ್ಲಿ ರಾಜಕೀಯ ಪಕ್ಷಕ್ಕೆ ಒಂದು ಲಕ್ಷ ದೇಣಿಗೆ! ಯಾವ ಪಕ್ಷ ಎಂದರೆ ಯಾರಿಗೂ ಗೊತ್ತಿಲ್ಲ. ಸರ್ಕಾರಿ ನೌಕರ ಪಕ್ಷಕ್ಕೆ ಹಣ ಕೊಡುವುದೇ ನಡತೆ ನಿಯಮಗಳಿಗೆ ವಿರುದ್ಧ. ಕೊಡದ ದೇಣಿಗೆಯನ್ನು ಕೊಟ್ಟೆನೆಂದು ಬರೆದು, ಇಲ್ಲದ ತಪ್ಪನ್ನೂ ಮೈಮೇಲೆ ಎಳೆದುಕೊಂಡಿದ್ದರು.

ಲೆಕ್ಕ ನೋಡಿ. ಶೇ. 20ರ ತೆರಿಗೆ ಹಂತದಲ್ಲಿರುವವರಿಗೆ ಒಂದು ಲಕ್ಷದ ಸುಳ್ಳು ಕಡಿತದಿಂದ ಸೆಸ್ ಸೇರಿ 20,800 ರೂಪಾಯಿ ಸಿಗುತ್ತದೆ. ತುಂಬಿಕೊಟ್ಟವನ ಪಾಲು ಐದರಲ್ಲಿ ಒಂದು, ಅಂದರೆ 4,160. ಸಿಕ್ಕಿಬಿದ್ದರೆ 270ಎ ಪ್ರಕಾರ ತಪ್ಪು ವಿವರ ಕೊಟ್ಟಿದ್ದಕ್ಕೆ ತೆರಿಗೆಯ ಎರಡು ಪಟ್ಟು ದಂಡ, 41,600. ಮೂಲ ತೆರಿಗೆ ಕಟ್ಟುವುದು ಬೇರೆ, ಬಡ್ಡಿ ಬೇರೆ. ಇದು ಗ್ರಾಹಕನ ಪಾಡು. ಸುಳ್ಳು ಎಂದು ಗೊತ್ತಿದ್ದೂ ತುಂಬಿಕೊಟ್ಟವನಿಗೆ ಆಗ 278ನೇ ಸೆಕ್ಷನ್ ಇತ್ತು: ಕುಮ್ಮಕ್ಕು ಕೊಟ್ಟಿದ್ದಕ್ಕೆ ಮೂರು ತಿಂಗಳಿಂದ ಎರಡು ವರ್ಷ, ತಪ್ಪಿಸಿದ ತೆರಿಗೆ 25 ಲಕ್ಷ ಮೀರಿದರೆ ಆರು ತಿಂಗಳಿಂದ ಏಳು ವರ್ಷ ಜೈಲು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ನಾನಿಲ್ಲಿ ಹೇಳುತ್ತಿರುವುದು ಹಳೆಯ ಕಾಯ್ದೆಯ ಸಂಖ್ಯೆಗಳನ್ನು.

ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. 2025ರ ಜುಲೈ 14ರಂದು ಇಲಾಖೆ ದೇಶದಾದ್ಯಂತ ರಿಟರ್ನ್ ತುಂಬಿಕೊಡುವವರ ಮೇಲೆಯೇ ಕಾರ್ಯಾಚರಣೆ ನಡೆಸಿತು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ತಾವಾಗಿಯೇ ಹಿಂತೆಗೆದುಕೊಂಡಿದ್ದರು.

ಆದ್ದರಿಂದ ಕಾಗದ ಕಣ್ಣಿಗೆ ಬೀಳದೆ ಅಂಕಿ ತುಂಬಬೇಡಿ. ಸಂಬಳ ಕೊಟ್ಟವರು ನೀಡುವ ಫಾರ್ಮ್ 16 ಒಂದೇ ಸಾಲದು. ಇಲಾಖೆಯ ಬಳಿಯಿರುವ ತೆರಿಗೆ ಮತ್ತು ಆದಾಯದ ಪಟ್ಟಿಗಳಾದ 26ಎಎಸ್ ಮತ್ತು ಎಐಎಸ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಗ್ರಾಹಕರು ಮರೆತ ಠೇವಣಿಯ ಬಡ್ಡಿ ಅಲ್ಲಿ ಕುಳಿತಿರುತ್ತದೆ. ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಕೇಳುವವರ ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೇಳಿ. ನಮ್ಮದು ದ್ರಾಕ್ಷಿ ಸೀಮೆ, ಹಾಗಾಗಿ ಅಂಗಡಿಯ ಲಾಭವನ್ನು ತೆರಿಗೆಯಿಲ್ಲದ ತೋಟದ ಆದಾಯವೆಂದು ತೋರಿಸುವ ಚಾಳಿ ಇದೆ. ಎರಡು ಎಕರೆಯ ಉತಾರ ತಂದು ಒಣದ್ರಾಕ್ಷಿಯಿಂದ ಇಪ್ಪತ್ತು ಲಕ್ಷ ಬಂತು ಎನ್ನುವವರಿಗೆ ನಾನು ಅಡತಿ ಅಂಗಡಿಯ ಮಾರಾಟದ ಪಟ್ಟಿ ತನ್ನಿ ಎನ್ನುತ್ತೇನೆ. ಅರ್ಧದಷ್ಟು ಜನ ಮತ್ತೆ ಬರುವುದಿಲ್ಲ. ಕೃಷಿ ಆದಾಯ 5,000 ದಾಟಿದರೆ ಸರಳ ನಮೂನೆಯಾದ ಐಟಿಆರ್-1 ನಡೆಯುವುದಿಲ್ಲ ಎಂಬುದೂ ನೆನಪಿರಲಿ.

ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಗ್ರಾಹಕರದ್ದೇ ಹಾಕಿ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. 2022ರಲ್ಲಿ ಒಬ್ಬ ಬಳೆ ವ್ಯಾಪಾರಿಗೆ ಇಮೇಲ್ ಇಲ್ಲವೆಂದು ನನ್ನದನ್ನೇ ಹಾಕಿದೆ. ರಿಟರ್ನ್ ದೋಷಪೂರಿತ ಎಂದು 139(9)ರ ನೋಟಿಸ್ ಬಂತು, ಉತ್ತರಿಸಲು 15 ದಿನ. ನಾನು ಅದನ್ನು ತೆರೆದದ್ದು ಇಪ್ಪತ್ತೆರಡನೆಯ ದಿನ. ರಿಟರ್ನ್ ಅಸಿಂಧುವಾಯಿತು, ಮತ್ತೆ ತುಂಬುವಾಗ 5,000 ರೂಪಾಯಿ ತಡ ಶುಲ್ಕವನ್ನು ನಾನೇ ಕಟ್ಟಿದೆ. ಅವರು ಬೈಯಲಿಲ್ಲ, ಚಹಾ ಕುಡಿಸಿ ಕಳಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಕಳಿಸುವ ಮೊದಲು ನಾನು ಪರದೆಯನ್ನು ಗ್ರಾಹಕರ ಕಡೆಗೆ ತಿರುಗಿಸುತ್ತೇನೆ. ಒಟ್ಟು ಆದಾಯ, ಪ್ರತಿ ಕಡಿತ, ರಿಫಂಡ್ ಹೋಗುವ ಖಾತೆಯ ಸಂಖ್ಯೆ, ಎಲ್ಲವನ್ನೂ ಗಟ್ಟಿಯಾಗಿ ಓದುತ್ತೇನೆ. ಓಟಿಪಿ ಕೊಡುವುದೆಂದರೆ 'ಇದೆಲ್ಲ ಸತ್ಯ' ಎಂದು ಸಹಿ ಹಾಕಿದಂತೆ ಎಂದು ಹೇಳಿದ ಮೇಲೆಯೇ ಆ ಸಂಖ್ಯೆ ಕೇಳುವುದು. ಹೀಗೆ ಓಟಿಪಿ ಕೊಟ್ಟು ರಿಟರ್ನ್ ದೃಢೀಕರಿಸುವ ಇ-ವೆರಿಫಿಕೇಷನ್‌ಗೆ 30 ದಿನದ ಗಡುವಿದೆ, ಆದರೆ ಗ್ರಾಹಕರು ಎದುರಿಗಿರುವಾಗಲೇ ಮುಗಿಸಿ. ಪಾಸ್‌ವರ್ಡ್ ಅವರ ಬಳಿಯೇ ಇರಲಿ.

2025ರ ಆಗಸ್ಟ್‌ನಲ್ಲಿ ಸುಳ್ಳು ದೇಣಿಗೆ ತೋರಿಸಿದ್ದ ಆ ಸಹೋದ್ಯೋಗಿ ಶಿಕ್ಷಕರೇ ನನ್ನ ಅಂಗಡಿಗೆ ಬಂದರು. ಪೇಪರ್ ಓದಿ ನಿದ್ದೆ ಕೆಟ್ಟಿತ್ತು. ನೋಟಿಸ್ ಇನ್ನೂ ಬಂದಿರಲಿಲ್ಲವಾದ್ದರಿಂದ 139(8ಎ) ಅಡಿಯಲ್ಲಿ ತಪ್ಪು ತಿದ್ದಿ ಮತ್ತೆ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನ್‌ಗೆ ದಾರಿಯಿತ್ತು. ಅದಕ್ಕೆ ನಾಲ್ಕು ವರ್ಷಗಳ ಅವಕಾಶವಿದೆ, ಮೊದಲ ವರ್ಷದಲ್ಲಾದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25 ಹೆಚ್ಚುವರಿ; ತಡವಾದಷ್ಟೂ 50, 60, 70 ಎಂದು ಏರುತ್ತದೆ. 26,000 ರೂಪಾಯಿ ಮತ್ತು ಬಡ್ಡಿ ಕಟ್ಟಿ ಎದ್ದರು. ಬಾಗಿಲಿನವರೆಗೆ ಹೋಗಿ ತಿರುಗಿ, 'ತುಂಬಿಕೊಟ್ಟವನು ತೆಗೆದುಕೊಂಡ 4,160 ವಾಪಸ್ ಬರುತ್ತದೆಯೇ ಕಾಕಾ?' ಎಂದು ಕೇಳಿದರು. ಫೋನ್ ಮಾಡಿ ನೋಡಿ ಎಂದೆ. ಅಲ್ಲೇ ನಿಂತು ಮಾಡಿದರು. ಸ್ವಿಚ್ ಆಫ್.