ದಮ್ಮು ಹೆಚ್ಚಿಸುವ ನಡಿಗೆ: ಓಣಿಯ ಹೆಣ್ಣುಮಕ್ಕಳು ಸೇರಿ ಹೀಗೆ ಮಾಡಿ

ವಿಜಯಪುರದಲ್ಲಿ ಬೆಳಿಗ್ಗೆ ಗುಂಪು ಕಟ್ಟಿಕೊಂಡು ವಾಕಿಂಗ್ ಹೋಗುವ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ಆದರೂ ಗೋಳಗುಮ್ಮಟದ ಗೋಪುರದ ಮೆಟ್ಟಿಲು ಹತ್ತುವಾಗ ಎರಡನೇ ಅಂತಸ್ತಿಗೇ ಏದುಸಿರು ಬಂದು ಗೋಡೆಗೆ ಆತು ನಿಲ್ಲುವವರು ಎಷ್ಟೋ ಮಂದಿ. ಗುಂಪು ಮಾತಿನ ವೇಗಕ್ಕೆ ನಡೆಯುತ್ತದೆ, ಎದೆಬಡಿತ ಏರುವುದೇ ಇಲ್ಲ. ನಲವತ್ತು ದಾಟಿದ ಮೇಲೆ ಹೃದಯ, ಶ್ವಾಸಕೋಶಗಳ ತಾಕತ್ತು ತಾನಾಗಿ ಇಳಿಯುತ್ತದೆ. ಅದನ್ನು ಮೇಲೆತ್ತುವುದು ವೇಗ.

ಬಿಪಿ, ಸಕ್ಕರೆ ಕಾಯಿಲೆ, ನಡೆಯುವಾಗ ಎದೆನೋವು ಇದ್ದವರು ಮೊದಲು ವೈದ್ಯರನ್ನು ಕಾಣಲಿ. ಆಮೇಲೆ ಅಳತೆ. ಸಮತಟ್ಟಾದ ಜಾಗದಲ್ಲಿ 30 ಮೀಟರ್ ಟೇಪ್ ಹಿಡಿದು ಎರಡೂ ತುದಿಗೆ ಇಟ್ಟಿಗೆ ಇಡಿ. 6 ನಿಮಿಷದಲ್ಲಿ ಎಷ್ಟು ದೂರ ನಡೆಯಲಾಗುತ್ತದೆ ಎಂದು ಒಬ್ಬೊಬ್ಬರದೇ ಎಣಿಸಿ. ಜೊತೆಯಾಗಿ ನಡೆದರೆ ಒಬ್ಬರ ಹೆಜ್ಜೆ ಇನ್ನೊಬ್ಬರನ್ನು ಎಳೆಯುತ್ತದೆ. ಓಡುವಂತಿಲ್ಲ. ದಣಿದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲಬಾರದು. 8 ಸಲ ಹೋಗಿಬಂದು ಮೇಲೆ 20 ಮೀಟರ್ ನಡೆದರೆ 500 ಮೀಟರ್. ನೋಟ್‌ಬುಕ್ಕಿನಲ್ಲಿ ಬರೆದಿಡಿ.

ವೇಗ ಸಾಕೇ? 15 ಸೆಕೆಂಡಿಗೆ ಕನಿಷ್ಠ 25 ಹೆಜ್ಜೆ ಬೀಳಬೇಕು. ಮಾತಾಡಲು ಬರಬೇಕು, ಹಾಡಲು ಬರಬಾರದು. ಎದೆಬಡಿತ ತಗ್ಗಿಸುವ ಮಾತ್ರೆ ನುಂಗುವವರಿಗೆ ನಾಡಿಯ ಲೆಕ್ಕ ಹೊಂದುವುದಿಲ್ಲ, ಅವರಿಗೆ ಉಸಿರೇ ಅಳತೆ.

ಗುಂಪು ಒಡೆಯುವುದು ಇಲ್ಲಿಯೇ: ಚುರುಕಿನವರು ಮುಂದೆ ಹೋಗುತ್ತಾರೆ, ಹಿಂದುಳಿದವರು ನಾಚಿಕೊಂಡು ಬರುವುದನ್ನೇ ಬಿಡುತ್ತಾರೆ. ಇದಕ್ಕೊಂದು ಒಳ್ಳೆಯ ಉಪಾಯವಿದೆ. ಎಲ್ಲರ ಮೊಬೈಲಿನಲ್ಲೂ 10 ನಿಮಿಷಕ್ಕೆ ಅಲಾರಂ ಇಟ್ಟು ಒಟ್ಟಿಗೇ ಹೊರಡಿ, ಅವರವರ ವೇಗದಲ್ಲಿ ನಡೆಯಿರಿ. ಅಲಾರಂ ಕೂಗಿದಾಗ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಎಲ್ಲರೂ ಒಂದೇ ಹೊತ್ತಿಗೆ ಹೊರಟ ಜಾಗಕ್ಕೆ ಬಂದು ಸೇರುತ್ತೀರಿ. ತಡವಾಗಿ ಬಂದವರು ಆರಂಭದಲ್ಲೇ ಅವಸರ ಮಾಡಿದ್ದಾರೆ ಎಂದು ತಿಳಿಯಿರಿ.

ಹೋಗಿಬರುವ ಈ 20 ನಿಮಿಷಕ್ಕೆ ಎರಡು ವಾರಕ್ಕೊಮ್ಮೆ 5 ನಿಮಿಷ ಕೂಡಿಸುತ್ತ ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನಕ್ಕೆ ಬನ್ನಿ. ಮೊದಲ ಮತ್ತು ಕೊನೆಯ 5 ನಿಮಿಷ ನಿಧಾನವಾಗಿ, ಈ ಲೆಕ್ಕದ ಹೊರಗೆ. ಐದನೇ ವಾರದಿಂದ ವಾರಕ್ಕೆ ಎರಡು ದಿನ 1 ನಿಮಿಷ ಬಿರುಸು, 2 ನಿಮಿಷ ಸಾಧಾರಣ, ಹೀಗೆ 5 ಸುತ್ತು ಹಾಕಿ.

ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಡೆಯುವವರನ್ನು ಗಮನಿಸಿ: ಆ ಕೈ ಬೀಸುವುದಿಲ್ಲ, ಹೆಜ್ಜೆ ಗಿಡ್ಡಾಗುತ್ತದೆ, ವೇಗ ಅಲ್ಲಿಗೇ ನಿಲ್ಲುತ್ತದೆ. ಕಚ್ಚೆ ಹಾಕುವ ಹಿರಿಯರಿಗೆ ಈ ತೊಂದರೆಯಿಲ್ಲ. ಉಳಿದವರಿಗೆ ಚೂಡಿದಾರ ಲೇಸು. ಹವಾಯಿ ಚಪ್ಪಲಿ ಬೇಡ, ಜಾರದಂತೆ ಬೆರಳು ಬಿಗಿಹಿಡಿದು ಹಿಮ್ಮಡಿ ನೋಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೂರು ಚಮಚ ಸಕ್ಕರೆ ಕಟ್ಟಿಕೊಂಡೇ ಬರಲಿ. ಕೈ ನಡುಗಿ ಬೆವರಿದರೆ ಕೂತು ತಿನ್ನಲಿ. ಏಪ್ರಿಲ್, ಮೇ ಬಿಸಿಲಿಗೆ 7 ಗಂಟೆಯೊಳಗೆ ಮುಗಿಸಿ.

ಪಂಚಮಿಗೆ ತವರಿಗೆ ಹೋಗಿ ಎರಡು ವಾರ ತಪ್ಪಿಸಿದವರು ಒಂದು ಹಂತ ಹಿಂದಿನಿಂದ ಶುರು ಮಾಡಲಿ.

12ನೇ ವಾರ ಅದೇ ಜಾಗ, ಅದೇ ಹೊತ್ತು, ಅದೇ ಬೂಟಿನಲ್ಲಿ ಮತ್ತೆ 6 ನಿಮಿಷ ಅಳೆಯಿರಿ. ಅಂಕಿ ಏರದಿದ್ದರೆ ನಿಮಿಷ ಹೆಚ್ಚಿಸುವ ಮೊದಲು ಬಿರುಸಿನ ಸುತ್ತುಗಳು ನಿಜಕ್ಕೂ ಬಿರುಸಾಗಿದ್ದವೇ ನೋಡಿ.