ಪುಟ್ಟ ಕಲರ್ ಡಿಸ್‌ಪ್ಲೇಯಲ್ಲಿ ಕನ್ನಡ ಮೂಡಿಸಿದ್ದು

ಅಡುಗೆಮನೆಯ ಉಷ್ಣತೆ, ಆರ್ದ್ರತೆ ತೋರಿಸುವ ಒಂದು ಡಬ್ಬಿ ಮಾಡೋಣ ಅಂತ ಕೂತೆ. ಸೆನ್ಸರ್ ಡಿಎಚ್‌ಟಿ22, ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ32, ಡಿಸ್‌ಪ್ಲೇ 1.8 ಇಂಚಿನ ಟಿಎಫ್‌ಟಿ ಎಂಬ ಬಣ್ಣದ ಪರದೆ. ಪರದೆಯಲ್ಲಿ 128×160 ಪಿಕ್ಸೆಲ್, ಒಳಗೆ ಅದನ್ನು ನಡೆಸುವ ಎಸ್‌ಟಿ7735 ಚಿಪ್. ಅಕ್ಷರ, ಅಂಕಿ ಎಲ್ಲಾ ಕನ್ನಡದಲ್ಲೇ ಇರಬೇಕು ಅನ್ನೋದು ನನ್ನ ಹಟ.

ವೈರಿಂಗ್ ಸುಲಭ. ಡಿಸ್‌ಪ್ಲೇ ಮೇಲೆ ಎಸ್‌ಡಿಎ ಅಂತ ಬರೆದಿರುತ್ತೆ, ಅದನ್ನು ನೋಡಿ ಐ2ಸಿ (ಚಿಪ್‌ಗಳು ಮಾತಾಡಿಕೊಳ್ಳುವ ಒಂದು ವಿಧಾನ) ಅಂದುಕೊಳ್ಳಬೇಡಿ. ಇದು ಎಸ್‌ಪಿಐ ಎಂಬ ಬೇರೆ ವಿಧಾನ, ಆ ಪಿನ್ ಡೇಟಾ ಹೋಗುವ ದಾರಿ. ಅದನ್ನು ಇಎಸ್‌ಪಿ32ರ 23ನೇ ಪಿನ್ನಿಗೆ, ಎಸ್‌ಸಿಕೆಯನ್ನು 18ಕ್ಕೆ, ಸಿಎಸ್ 5ಕ್ಕೆ, ರೀಸೆಟ್ 4ಕ್ಕೆ, ಎ0 ಪಿನ್ನನ್ನು 21ಕ್ಕೆ ಕೊಟ್ಟೆ. ಬರುತ್ತಿರುವುದು ಆಜ್ಞೆಯೋ ಚಿತ್ರವೋ ಅಂತ ಚಿಪ್‌ಗೆ ಹೇಳುವುದೇ ಈ ಎ0. ಇಎಸ್‌ಪಿ32 ಓಡುವುದು 3.3 ವೋಲ್ಟ್‌ನಲ್ಲಿ, ಹಾಗಾಗಿ ನೇರ ಜೋಡಣೆ. ಆರ್ಡುಯಿನೊ ಉನೊ ಬೋರ್ಡ್ 5 ವೋಲ್ಟ್‌ನದು, ಅದಕ್ಕಾದರೆ ನಡುವೆ ವೋಲ್ಟೇಜ್ ತಗ್ಗಿಸುವ ಲೆವೆಲ್ ಶಿಫ್ಟರ್ ಹಾಕಿ.

ಡಿಸ್‌ಪ್ಲೇ ಮೇಲೆ ಬರೆಯಲು ಬಳಸಿದ್ದು ಅಡಾಫ್ರೂಟ್‌ನ ಸಿದ್ಧ ಕೋಡ್, ಅಂದರೆ ಲೈಬ್ರರಿ. ಅದರಲ್ಲಿ ಬ್ಲ್ಯಾಕ್‌ಟ್ಯಾಬ್, ಗ್ರೀನ್‌ಟ್ಯಾಬ್, ರೆಡ್‌ಟ್ಯಾಬ್ ಅಂತ ಆಯ್ಕೆಗಳಿವೆ. ಪರದೆಗೆ ಅಂಟಿಸಿ ಬರುವ ಪ್ಲಾಸ್ಟಿಕ್ ಹಾಳೆಯ ಬಾಲದ ಬಣ್ಣ ಅದು. ಈಗ ಆ ಬಣ್ಣವನ್ನು ನಂಬೋಕಾಗಲ್ಲ. ಕೆಂಪು ಹೋಗಿ ನೀಲಿ ಬಂದರೆ, ಅಥವಾ ಅಂಚಿನಲ್ಲಿ ಚುಕ್ಕಿಚುಕ್ಕಿ ಗೆರೆ ಉಳಿದರೆ, ಸುಮ್ನೆ ಇನ್ನೊಂದು ಆಯ್ಕೆ ಹಾಕಿ ನೋಡಿ.

ನಿಜವಾದ ಕೆಲಸ ಇದ್ದದ್ದು ಕನ್ನಡದಲ್ಲಿ. ಈ ಲೈಬ್ರರಿಗೆ ಒಂದು ಅಕ್ಷರದ ಪಕ್ಕ ಇನ್ನೊಂದು ಇಡೋದು ಮಾತ್ರ ಗೊತ್ತು. ‘ಆರ್ದ್ರತೆ’ಯನ್ನೇ ನೋಡಿ. ನಡುವಿನ ‘ರ್ದ್ರ’ ಯೂನಿಕೋಡ್‌ನಲ್ಲಿ 5 ಸಂಕೇತ: ರ, ವಿರಾಮ (ಸ್ವರ ತೆಗೆಯುವ ‘್’ ಚಿಹ್ನೆ), ದ, ವಿರಾಮ, ರ. ಅವೆಲ್ಲ ಸೇರಿ ದಕಾರದ ಕೆಳಗೊಂದು ಒತ್ತು, ಪಕ್ಕದಲ್ಲೊಂದು ಅರ್ಕಾವತ್ತು ಆಗಬೇಕು. ಫೋನಿನಲ್ಲಿ ಅದನ್ನು ಮಾಡೋಕೆ ದೊಡ್ಡ ಸಾಫ್ಟ್‌ವೇರೇ ಇರುತ್ತೆ. ಇಲ್ಲಿ ಯಾರಿದ್ದಾರೆ?

ಹಾಗಾಗಿ ಪದವನ್ನೇ ಚಿತ್ರ ಮಾಡಿದೆ. ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಬರೀ ಕಪ್ಪು-ಬಿಳುಪಿನಲ್ಲಿ ಪದ ಬರೆದು, ಇಮೇಜ್2ಸಿಪಿಪಿ ಎಂಬ ಉಚಿತ ಸಾಧನದಿಂದ ಕೋಡ್‌ಗೆ ಇಳಿಸಿದೆ. ಬಣ್ಣ ಆಮೇಲೆ ಕೋಡ್‌ನಲ್ಲೇ ಕೊಡಬಹುದು. ಅಂಕಿಗಳು ಇನ್ನೂ ಸುಲಭ, ಒತ್ತಿನ ಗೊಡವೆ ಇಲ್ಲವಲ್ಲ! ೦ಯಿಂದ ೯ರವರೆಗೆ 32×40 ಅಳತೆಯ 10 ಚಿತ್ರ, ಒಂದೊಂದಕ್ಕೆ 160 ಬೈಟ್. ಒಂದು ಚುಕ್ಕಿ ಸೇರಿಸಿದರೆ ‘೨೮.೫’ ತಯಾರು. ಅಗಲ ಎಲ್ಲಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಅಂಕಿ ಬದಲಾದಾಗಲೆಲ್ಲ ಸಾಲು ಕುಣಿಯುತ್ತೆ.

ಪ್ರತಿ ಸಲ ಪೂರ್ತಿ ಪರದೆ ಅಳಿಸಿ ಬರೆದರೆ ಕಣ್ಣಿಗೆ ಮಿನುಗು ಹೊಡೆಯುತ್ತೆ. ಚಿತ್ರ ಮೂಡಿಸುವ ಲೈಬ್ರರಿಯ ಆಜ್ಞೆ ಡ್ರಾಬಿಟ್‌ಮ್ಯಾಪ್‌ಗೆ ಹಿನ್ನೆಲೆ ಬಣ್ಣವನ್ನೂ ಕೊಟ್ಟರೆ ಹೊಸ ಅಂಕಿ ಹಳೆಯದನ್ನು ತಾನೇ ಮುಚ್ಚುತ್ತೆ. ಬದಲಾದ ಅಂಕಿಯನ್ನಷ್ಟೇ ಬರೆಯಿರಿ.

ರಾತ್ರಿ ಹೊತ್ತು ಬೆಳಕು ಜಾಸ್ತಿ ಅನ್ನಿಸಿತು. ಪರದೆಯ ಹಿಂದಿನ ದೀಪದ ಎಲ್‌ಇಡಿ ಪಿನ್ನಿಗೆ ಒಂದು ಟ್ರಾನ್ಸಿಸ್ಟರ್ ಕೂರಿಸಿ, ಪಿಡಬ್ಲ್ಯೂಎಂನಿಂದ, ಅಂದರೆ ದೀಪವನ್ನು ವೇಗವಾಗಿ ಹಚ್ಚಿ ಆರಿಸುವ ವಿಧಾನದಿಂದ, ತಗ್ಗಿಸಿದೆ.